ವಾರಗಟ್ಟಲೆ ನಿಲ್ಲದ ಭೇದಿ, ವಾಂತಿ, ಇಳಿಯುವ ತೂಕ: ಮನೆನಾಯಿಯ ಹೊಟ್ಟೆಯ ದೋಷ ಹುಡುಕುವ ಕ್ರಮ

ಒಂದೆರಡು ದಿನ ಹೊಟ್ಟೆ ಕೆಟ್ಟು ತಾನಾಗಿ ಸರಿಹೋಗುವ ನಾಯಿಯ ವಿಚಾರ ಬೇರೆ. ಮೂರು ವಾರ ಕಳೆದರೂ ಸರಿಯಾಗದ, ಅಥವಾ ಸರಿಯಾದಂತೆ ಕಂಡು ಮತ್ತೆ ಮತ್ತೆ ಕೆಡುವ ನಾಯಿಯ ವಿಚಾರ ಬೇರೆ. ಪಶುವೈದ್ಯರು ದೀರ್ಘಕಾಲದ ಕರುಳಿನ ಕಾಯಿಲೆ ಎನ್ನುವುದು ಈ ಎರಡನೆಯದನ್ನು. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಕಾಫಿ ತೋಟದ ಮನೆಯಲ್ಲಿ ಜೂಲಿ ಎಂಬ ಒಂಬತ್ತು ವರ್ಷದ ನಾಯಿ ಇದೆ. ಅವಳ ಹೊಟ್ಟೆಯ ಕಾಯಿಲೆಯನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಾನು ಪಶುವೈದ್ಯನಲ್ಲ, ವೈದ್ಯರು ಹೇಳಿದ್ದನ್ನು ಮನೆಯಲ್ಲಿ ಪಾಲಿಸುವಾಗ ಎಲ್ಲಿ ತಪ್ಪಿದೆ, ಯಾವ ಲಕ್ಷಣವನ್ನು ತಡವಾಗಿ ಗಮನಿಸಿದೆ ಎಂಬ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಮೊದಲ ಎಂಟು ತಿಂಗಳು ನಾನು ಮಾಡಿದ ತಪ್ಪು ಒಂದೇ: ಊಟ, ಮಾತ್ರೆ, ಜಂತಿನ ಔಷಧಿ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸುತ್ತಿದ್ದೆ. ಅವಳು ಸ್ವಲ್ಪ ಚೇತರಿಸಿಕೊಂಡರೆ ಯಾವುದರಿಂದ ಚೇತರಿಸಿಕೊಂಡಳೆಂದು ಗೊತ್ತಾಗುತ್ತಿರಲಿಲ್ಲ. ಕೆಟ್ಟರೆ ಯಾವುದರಿಂದ ಕೆಟ್ಟಳೆಂದೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಖರ್ಚಿಲ್ಲದ ತಪಾಸಣೆಯಿಂದ ಆರಂಭಿಸಿ, ಹಂತಹಂತವಾಗಿ ಮುಂದೆ ಹೋಗುವ ಕ್ರಮವನ್ನು ಇಟ್ಟುಕೊಂಡಿದ್ದೇನೆ.

ಮನೆಯಲ್ಲಿ ಕಾಯಬಾರದ ಲಕ್ಷಣಗಳು

ಕೆಳಗಿನವುಗಳಲ್ಲಿ ಯಾವುದಾದರೂ ಒಂದು ಕಂಡರೆ ಮುಂದಿನ ಭಾಗಗಳನ್ನು ಓದುತ್ತ ಕೂರದೆ ನಾಯಿಯನ್ನು ವಾಹನಕ್ಕೆ ಹತ್ತಿಸಬೇಕು. ಹೊಟ್ಟೆ ಉಬ್ಬಿ, ವಾಂತಿ ಮಾಡಲು ಹೆಣಗಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರಬಹುದು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಕೆಲವೇ ಗಂಟೆಗಳಲ್ಲಿ ಜೀವ ತೆಗೆಯುತ್ತದೆ. ಒಸಡು ಬಿಳುಚಿಕೊಂಡಿದ್ದರೆ ಅಥವಾ ಹಳದಿಯಾಗಿದ್ದರೆ, ಮಲ ಡಾಂಬರಿನಂತೆ ಕಪ್ಪಾಗಿ ಅಂಟಾಗಿದ್ದರೆ, ಕುಡಿದ ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ನಿಲ್ಲಲಾರದೆ ಕುಸಿದರೆ, ಉಸಿರು ಕಷ್ಟವಾದರೆ ಅದೇ ದಿನ ವೈದ್ಯರ ಬಳಿ ಇರಬೇಕು. ಮರಿಗಳಿಗೆ ವಾಂತಿ ಮತ್ತು ರಕ್ತಭೇದಿ ಒಟ್ಟಿಗೆ ಕಂಡರೆ ಪಾರ್ವೊ ವೈರಸ್ ಇರಬಹುದೆಂದು ಭಾವಿಸಿ ಅರ್ಧ ದಿನವೂ ತಡಮಾಡಬಾರದು.

ತೋಟದ ವಿಷಗಳನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅವು ಹಳೆಯ ಹೊಟ್ಟೆಯ ಕಾಯಿಲೆಯ ಮರುಕಳಿಕೆಯಂತೆಯೇ ಶುರುವಾಗುತ್ತವೆ. ಕಾಫಿ ಗಿಡದ ಕೀಟಗಳಾದ ಬಿಳಿ ಕಾಂಡಕೊರಕಕ್ಕೆ ಅಥವಾ ಹಿಟ್ಟು ತಿಗಣೆಗೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಡೆದ ದಿನಗಳಲ್ಲಿ ನಾಯಿ ಜೊಲ್ಲು ಸುರಿಸುತ್ತ, ಕಣ್ಣೀರು ಹಾಕುತ್ತ, ಭೇದಿ ಮಾಡುತ್ತ, ಕಣ್ಣಪಾಪೆ ಸೂಜಿಮೊನೆಯಷ್ಟು ಕಿರಿದಾಗಿ ಮೈ ನಡುಗಿಸಿದರೆ ಅದು ವಿಷಪ್ರಾಶನ. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆ ತಿಂದರೂ ನಡುಕ, ಸೆಳವು ಬರುತ್ತದೆ. ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟವಿರುವ ಶನಿವಾರಸಂತೆ ಕಡೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಗೊಬ್ಬರಕ್ಕೆ ತಂದ ಹರಳು ಹಿಂಡಿಯಲ್ಲಿ ರೈಸಿನ್ ಎಂಬ ವಿಷವಿರುತ್ತದೆ. ಅದನ್ನು ತಿಂದ ನಾಯಿ ಕೆಲವು ಗಂಟೆ ಆರಾಮವಾಗಿದ್ದು ಆಮೇಲೆ ವಾಂತಿ, ರಕ್ತಭೇದಿಗೆ ಬೀಳುತ್ತದೆ. ಕಣದಲ್ಲಿ ಹರಡಿದ ಕಾಫಿ ಹಣ್ಣು, ಬೀಜಗಳನ್ನು ಹೆಚ್ಚಾಗಿ ತಿಂದರೆ ಕೆಫೀನ್ ಏರಿ ಚಡಪಡಿಕೆ, ಎದೆಬಡಿತದ ಏರಿಕೆ, ನಡುಕ ಕಾಣಿಸುತ್ತದೆ. ಈ ಯಾವ ಸಂದರ್ಭದಲ್ಲೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಔಷಧಿಯ ಡಬ್ಬಿ ಅಥವಾ ಚೀಲದ ಚೀಟಿಯನ್ನು ಜೊತೆಗೆ ಒಯ್ದರೆ ವೈದ್ಯರಿಗೆ ಅದೇ ದೊಡ್ಡ ಸಹಾಯ.

ಆರಂಭದ ಸಲಕರಣೆ: ಒಂದು ಪುಸ್ತಕ, ಒಂದು ತಕ್ಕಡಿ

ನಾನು ಕೆಲಸದವರ ಹಳೆಯ ಹಾಜರಿ ಪುಸ್ತಕವೊಂದನ್ನು ಇದಕ್ಕೆ ಇಟ್ಟುಕೊಂಡೆ. ತಿಂಗಳ ಒಂದೊಂದು ದಿನಕ್ಕೂ ಅದರಲ್ಲಿ ಮೊದಲೇ ಮನೆ ಹಾಕಿರುತ್ತದೆ. ಏನು ತಿಂದಳು, ಎಷ್ಟು ಸಲ ಮಲ ವಿಸರ್ಜಿಸಿದಳು, ಅದು ಗಟ್ಟಿಯೋ ಮುದ್ದೆಯೋ ನೀರೋ, ವಾಂತಿಯಾದರೆ ಎಷ್ಟು ಗಂಟೆಗೆ, ಯಾವ ಔಷಧಿ ಕೊಟ್ಟೆ, ಅಂದು ತೋಟದಲ್ಲಿ ಏನು ಕೆಲಸ ನಡೆಯಿತು, ಇಷ್ಟು ಬರೆದರೆ ಸಾಕು. ಕೊನೆಯದು ವಿಚಿತ್ರವಾಗಿ ಕಾಣಬಹುದು. ಆದರೆ ನಮ್ಮ ಮನೆಯ ರಹಸ್ಯ ಬಯಲಾದದ್ದು ಆ ಅಂಕಣದಿಂದಲೇ.

ತೂಕವನ್ನು ಕಣ್ಣಂದಾಜಿಗೆ ಬಿಡಬಾರದು. ದಿನವೂ ನೋಡುವ ಕಣ್ಣಿಗೆ ನಾಯಿ ಸೊರಗುವುದು ಕಾಣುವುದಿಲ್ಲ. ಉದ್ದ ಕೂದಲಿನ ನಾಯಿಯಾದರೆ ಪಕ್ಕೆಲುಬು ಎದ್ದರೂ ತಿಳಿಯುವುದಿಲ್ಲ. ಕೊಯ್ಲಿನಲ್ಲಿ ಕಾಫಿ ಹಣ್ಣು ತೂಗುವ ತೂಗುತಕ್ಕಡಿ ತೋಟದ ಮನೆಗಳಲ್ಲಿ ಹೇಗೂ ಇರುತ್ತದೆ. ಗೋಣಿಚೀಲವನ್ನು ಜೋಲಿಯಂತೆ ಮಡಚಿ, ನಾಯಿಯನ್ನು ಅದರಲ್ಲಿ ಕೂರಿಸಿ ಕೊಕ್ಕೆಗೆ ಹಾಕಿ, ಚೀಲದ ತೂಕವನ್ನು ಕಳೆದರೆ ಆಯಿತು. ಮೊದಲ ಸಲ ಜೂಲಿ ನಾಲ್ಕೂ ಕಾಲು ಇಳಿಬಿಟ್ಟು ನನ್ನ ಮುಖವನ್ನೇ ನೋಡುತ್ತ ಕದಲದೆ ತೂಗಾಡಿದಳು, ಮುಳ್ಳು 16.2 ಕಿಲೋ ತೋರಿಸಿತು. ಎರಡು ತಿಂಗಳ ಹಿಂದೆ ವೈದ್ಯರ ಚೀಟಿಯಲ್ಲಿ 18.4 ಎಂದಿತ್ತು. ಇದು ಸುಮಾರು ನೂರಕ್ಕೆ 12ರಷ್ಟು ಇಳಿಕೆ. ನೂರಕ್ಕೆ 10ಕ್ಕಿಂತ ಹೆಚ್ಚು ಇಳಿದರೆ ಮನೆಮದ್ದಿನ ಕಾಲ ಮುಗಿಯಿತು, ರಕ್ತ ಪರೀಕ್ಷೆ ಆಗಲೇಬೇಕು ಎಂದು ತಿಳಿಯಬೇಕು. ವಾರಕ್ಕೊಮ್ಮೆ, ಊಟಕ್ಕೆ ಮೊದಲು, ಅದೇ ತಕ್ಕಡಿಯಲ್ಲಿ ತೂಗಿದರೆ ಮಾತ್ರ ಅಂಕಿಗಳನ್ನು ಹೋಲಿಸಬಹುದು.

ಇನ್ನೆರಡು ಅಳತೆಗಳನ್ನು ನಾಯಿ ಚೆನ್ನಾಗಿರುವಾಗಲೇ ಕಲಿತಿಡಬೇಕು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಗುದದ್ವಾರದಲ್ಲಿ ಅಳೆದ ಉಷ್ಣತೆ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ನಮ್ಮ ಮೈಯ 98.6ಕ್ಕೆ ಹೋಲಿಸಿ ನಾಯಿಗೆ ಜ್ವರವೆಂದು ಹೆದರಬಾರದು, ಪ್ಯಾರಾಸಿಟಮಾಲ್ ಅಂತೂ ಕೊಡಲೇಬಾರದು.

ಮಲ ಸಡಿಲವಾಗಿದೆ, ಪ್ರಮಾಣ ಹೆಚ್ಚಾಗಿದೆ, ನಾಯಿ ಸೊರಗುತ್ತಿದೆ

ಭೇದಿ ಯಾವ ಕರುಳಿನದು ಎಂಬುದನ್ನು ಮಲವೇ ಹೇಳುತ್ತದೆ. ದಿನಕ್ಕೆ ಎರಡು ಮೂರು ಸಲ ಮಾತ್ರ, ಆದರೆ ಪ್ರತಿಸಲವೂ ರಾಶಿಯಾಗಿ, ನೀರಾಗಿ ಅಥವಾ ಸಗಣಿಯಂತೆ ಹೋಗುತ್ತಿದ್ದು ಜೊತೆಗೆ ತೂಕ ಇಳಿಯುತ್ತಿದ್ದರೆ ದೋಷ ಸಣ್ಣ ಕರುಳಿನಲ್ಲಿದೆ ಎಂದು ಊಹಿಸಬಹುದು. ಆಹಾರದ ಸತ್ವ ಹೀರಿಕೆಯಾಗುವುದು ಅಲ್ಲಿಯೇ ಆದ್ದರಿಂದ ನಾಯಿ ಸೊರಗುತ್ತದೆ. ದಿನಕ್ಕೆ ಆರೇಳು ಸಲ ಓಡಿ, ಮುಕ್ಕಿ, ಚಮಚದಷ್ಟು ಲೋಳೆ ಹಾಕುವ ನಾಯಿಯ ದೋಷ ದೊಡ್ಡ ಕರುಳಿನದು. ಅದನ್ನು ಮುಂದಿನ ಭಾಗದಲ್ಲಿ ನೋಡೋಣ.

ಮೊದಲ ತಪಾಸಣೆಗೆ ಕಾಸು ಬೇಕಿಲ್ಲ: ಹಾಲನ್ನು ನಿಲ್ಲಿಸಿ. ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಒಂದು ವಾರ ಹಾಲು, ಹಾಲು ಹಾಕಿದ ಅನ್ನ, ಕಾಫಿ ಲೋಟದ ತಳದ ಗುಟುಕು, ಬಿಸ್ಕತ್ತು ಎಲ್ಲವೂ ಬಂದ್ ಆಗಬೇಕು.

ಎರಡನೆಯದು, ಒಣ ಆಹಾರದ ಚೀಲವನ್ನು ಮೂಸಿ ನೋಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗದಿರುವಾಗ ಬಾಯಿ ತೆರೆದ ದೊಡ್ಡ ಚೀಲದ ಆಹಾರ ತೇವ ಎಳೆದುಕೊಳ್ಳದೆ ಇರುವುದಿಲ್ಲ. ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಅಫ್ಲಾಟಾಕ್ಸಿನ್ ಎಂಬ ವಿಷ ಅದರಲ್ಲಿ ಸೇರಿರಬಹುದು. ಅದು ಯಕೃತ್ತನ್ನು ಕೆಡಿಸುತ್ತದೆ. ಕಾಳು ಮೆತ್ತಗಾಗಿದ್ದರೆ, ಹಳಸಿದ ಎಣ್ಣೆಯ ವಾಸನೆ ಬಂದರೆ ಹಣದ ಮುಖ ನೋಡದೆ ಎಸೆಯಬೇಕು. ಮಳೆಗಾಲದಲ್ಲಿ ಸಣ್ಣ ಚೀಲವನ್ನೇ ಕೊಂಡು, ಅದರ ಬಾಯಿ ಮಡಚಿ, ಚೀಲದ ಸಮೇತ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು. ಕರೆಂಟು ಎರಡು ಮೂರು ದಿನ ಹೋದಾಗ ಫ್ರಿಜ್ಜಿನಲ್ಲಿ ಉಳಿದ ಮಾಂಸವನ್ನು ನಾಯಿಗೆ ಹಾಕುವ ಅಭ್ಯಾಸವನ್ನೂ ಈ ನಾಯಿಯ ಮಟ್ಟಿಗೆ ಬಿಡಬೇಕು.

ಮೂರನೆಯದು ಜಂತು. ‘ಮೂರು ತಿಂಗಳಿಗೊಮ್ಮೆ ಮಾತ್ರೆ ಕೊಡುತ್ತಿದ್ದೇವೆ’ ಎನ್ನುವವರು ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಓದಬೇಕು. ಪೈರಾಂಟೆಲ್ ಮತ್ತು ಪ್ರಾಜಿಕ್ವಾಂಟೆಲ್ ಮಾತ್ರವಿರುವ ಮಾತ್ರೆ ಚಾಟಿಹುಳುವಿಗೆ ತಾಗುವುದಿಲ್ಲ. ಅದಕ್ಕೆ ಫೆನ್‌ಬೆಂಡಜೋಲ್ ಅಥವಾ ಫೆಬಾಂಟೆಲ್ ಬೇಕು. ಕಾಫಿ ಗಿಡದ ನೆರಳಿನ ತೇವದ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಹೇಳಿ ಮಾಡಿಸಿದಂತಿದೆ. ಗಿಯಾರ್ಡಿಯಾ ಎಂಬ ಏಕಕೋಶ ಪರೋಪಜೀವಿ ತೋಡಿನ ನೀರಿನಿಂದ, ಕೆಸರಿನಿಂದ ಬರುತ್ತದೆ. ಇವುಗಳ ಮೊಟ್ಟೆ ಅಥವಾ ಕೋಶ ಪ್ರತಿದಿನ ಮಲದಲ್ಲಿ ಬೀಳುವುದಿಲ್ಲವಾದ್ದರಿಂದ ಒಂದೇ ಮಾದರಿಯಲ್ಲಿ ಏನೂ ಸಿಗಲಿಲ್ಲ ಎಂದರೆ ಇಲ್ಲವೆಂದು ಅರ್ಥವಲ್ಲ. ಬೇರೆಬೇರೆ ದಿನದ ಮೂರು ತಾಜಾ ಮಾದರಿಗಳನ್ನು ಕೊಡಬೇಕು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಅನೇಕ ವೈದ್ಯರು ತೂಕಕ್ಕೆ ತಕ್ಕಂತೆ ಫೆನ್‌ಬೆಂಡಜೋಲ್‌ನ ಒಂದು ಪೂರ್ತಿ ಸರದಿ ಕೊಟ್ಟು ನೋಡುತ್ತಾರೆ. ಅಷ್ಟು ದಿನ ಕುದಿಸಿ ಆರಿಸಿದ ನೀರನ್ನೇ ಇಡಿ. ಮಲವನ್ನು ದಿನವೂ ಎತ್ತಿ ಹೂತುಹಾಕಿ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಮಕ್ಕಳ ಚರ್ಮವನ್ನೂ ಕೊರೆಯುತ್ತದೆ.

ಇಷ್ಟಾದ ಮೇಲೂ ಭೇದಿ ಉಳಿದರೆ ಆಹಾರದ ಪರೀಕ್ಷೆಗೆ ಬರಬೇಕು. ಇಡೀ ಕೈಪಿಡಿಯಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇಲ್ಲ. ದೀರ್ಘಕಾಲದ ಭೇದಿಯ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆಹಾರ ಬದಲಾವಣೆಯೊಂದರಿಂದಲೇ ಸುಧಾರಿಸುತ್ತವೆ, ಮತ್ತು ಹಾಗೆ ಸುಧಾರಿಸುವ ನಾಯಿಗಳಲ್ಲಿ ಹೆಚ್ಚಿನವು ಎರಡು ವಾರದೊಳಗೆ ಅದನ್ನು ತೋರಿಸುತ್ತವೆ. ನಿಯಮ ಸರಳ: ಈ ನಾಯಿ ಹಿಂದೆ ತಿನ್ನದ ಒಂದೇ ಮಾಂಸ, ಒಂದೇ ಪಿಷ್ಟ, ನೀರು; ಇವಿಷ್ಟೇ. ಹೊರಗಿನವರಿಗೆ ಹಂದಿ ಮಾಂಸ ಹೊಸ ಆಹಾರವಾಗಬಹುದು. ಕೊಡಗಿನ ನಾಯಿಗೆ ಮರಿಯಾಗಿದ್ದಾಗಿನಿಂದ ಅದರ ರುಚಿ ಗೊತ್ತಿರುತ್ತದೆ, ಕೋಳಿಯಂತೂ ಸರಿಯೇ. ಹಾಗಾಗಿ ನಮ್ಮ ಮನೆಗೆ ಉಳಿದದ್ದು ಮೀನು ಮತ್ತು ಗೆಣಸು. ಖರ್ಚು ಮಾಡಬಲ್ಲವರು ವೈದ್ಯರು ಬರೆಯುವ ಹೈಡ್ರೊಲೈಸ್ಡ್ ಆಹಾರವನ್ನು ತರಿಸಬಹುದು. ಅದರಲ್ಲಿ ಪ್ರೊಟೀನನ್ನು ದೇಹ ಗುರುತಿಸಲಾರದಷ್ಟು ಸಣ್ಣದಾಗಿ ಒಡೆದಿರುತ್ತಾರೆ. ಮುಳ್ಳು, ಮೂಳೆ, ಎಣ್ಣೆ, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರಬಾರದು. ಹೊಸ ಆಹಾರಕ್ಕೆ ನಾಲ್ಕೈದು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ಬದಲಾಯಿಸಿ, ದಿನದ ಊಟವನ್ನು ಮೂರು ನಾಲ್ಕು ಪಾಲು ಮಾಡಿ ಕೊಡಬೇಕು.

ಪರೀಕ್ಷೆ ಕೆಡುವುದು ತಟ್ಟೆಯ ಹೊರಗೆ. ಮಾಂಸದ ರುಚಿ ಸೇರಿಸಿದ ಅಗಿಯುವ ಉಣ್ಣಿ ಮಾತ್ರೆ, ಬೆಕ್ಕಿನ ತಟ್ಟೆ, ಲೈನ್ ಮನೆಯ (ತೋಟದ ಕೆಲಸಗಾರರ ವಸತಿಯ) ಮಕ್ಕಳು ಪ್ರೀತಿಯಿಂದ ಎಸೆಯುವ ಅಕ್ಕಿ ರೊಟ್ಟಿಯ ತುಂಡು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಜೂಲಿಯ ಮಲ ಒಂಬತ್ತನೆಯ ದಿನದ ಹೊತ್ತಿಗೆ ಗಟ್ಟಿಯಾಗಿತ್ತು. ಹನ್ನೆರಡನೆಯ ದಿನ ಮತ್ತೆ ನೀರಾಯಿತು. ಮೀನು ಆಗಿಬರಲಿಲ್ಲವೆಂದು ನಾನು ಪರೀಕ್ಷೆಯನ್ನೇ ಕೈಬಿಡುವುದರಲ್ಲಿದ್ದೆ. ಪುಸ್ತಕ ತಿರುವಿದಾಗ ಹನ್ನೊಂದನೆಯ ದಿನದ ಮನೆಯಲ್ಲಿ ‘ಮೆಣಸಿನ ಬಳ್ಳಿಗೆ ಕೋಳಿಗೊಬ್ಬರ’ ಎಂದಿತ್ತು. ಹಿಂದಿನ ತಿಂಗಳು ಅವಳು ಕೆಟ್ಟಿದ್ದೂ ಗೊಬ್ಬರದ ಲೋಡು ಇಳಿಸಿದ ಮಾರನೆಯ ದಿನವೇ. ಸಂಜೆ ಅವಳ ಹಿಂದೆ ಹೋದೆ. ಬಳ್ಳಿಯ ಬುಡದಲ್ಲಿ ಮುಂಗಾಲಿನಿಂದ ಮಣ್ಣು ಕೆದಕಿ, ಕಣ್ಣು ಅರೆಮುಚ್ಚಿ ಗೊಬ್ಬರ ತಿನ್ನುತ್ತಿದ್ದಳು. ಅಂದಿನಿಂದ ಪರೀಕ್ಷೆಯ ಕಾಲದಲ್ಲಿ ಅವಳನ್ನು ಹಗ್ಗ ಹಿಡಿದೇ ಹೊರಗೆ ಕರೆದೊಯ್ಯುತ್ತೇವೆ. ಸ್ವತಂತ್ರವಾಗಿ ತಿರುಗುವ ನಾಯಿಯಲ್ಲಿ ಆಹಾರ ಪರೀಕ್ಷೆ ಮಾಡಿದೆವು, ಫಲಿಸಲಿಲ್ಲ ಎಂಬ ಮಾತನ್ನು ನಾನು ಈಗ ಒಪ್ಪುವುದಿಲ್ಲ.

ನಾಯಿ ಸುಧಾರಿಸಿದರೆ ನಾಲ್ಕು ವಾರ ಅದೇ ಊಟದಲ್ಲಿಟ್ಟು, ಆಮೇಲೆ ಹಳೆಯ ಆಹಾರದ ಒಂದೊಂದೇ ಪದಾರ್ಥವನ್ನು ಸೇರಿಸಿ ಯಾವುದಕ್ಕೆ ಕೆಡುತ್ತದೆಂದು ಪತ್ತೆಹಚ್ಚಬಹುದು. ಮೀನು-ಗೆಣಸು ತಿಂಗಳುಗಟ್ಟಲೆ ನಡೆಸುವ ಊಟವಲ್ಲ. ಅದರಲ್ಲಿ ಕ್ಯಾಲ್ಸಿಯಂ ಮುಂತಾದವು ಸಾಲದೆ ಬರುತ್ತವೆ. ಮುಂದುವರಿಸುವುದಾದರೆ ಏನನ್ನು ಎಷ್ಟು ಸೇರಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಬೇಕು. ಎರಡು ವಾರದಲ್ಲಿ ಬದಲಾವಣೆಯೇ ಕಾಣದಿದ್ದರೆ ಇನ್ನೊಂದು ಬಗೆಯ ಆಹಾರವನ್ನು ಒಮ್ಮೆ ಪ್ರಯತ್ನಿಸಿ, ಅನಂತರವೇ ಬಲವಾದ ಔಷಧಿಯ ಮಾತಿಗೆ ಬರುವುದು ಸರಿಯಾದ ಕ್ರಮ.

ಲೋಳೆ, ಕೆಂಪು ರಕ್ತ, ಮತ್ತೆ ಮತ್ತೆ ಮುಕ್ಕುವುದು

ಇದು ದೊಡ್ಡ ಕರುಳಿನ ಲಕ್ಷಣ. ರಕ್ತ ಕಂಡ ಕೂಡಲೇ ಗಾಬರಿಯಾಗುವುದು ಸಹಜ; ಆದರೆ ಗಟ್ಟಿ ಅಥವಾ ಮುದ್ದೆ ಮಲದ ಮೇಲೆ ಎರಡು ಹನಿ ತಾಜಾ ಕೆಂಪು ರಕ್ತ, ಲೋಳೆ ಇದ್ದು ನಾಯಿ ಚುರುಕಾಗಿ ತಿಂದುಂಡು ಇದ್ದರೆ ಒಂದೆರಡು ದಿನ ನೋಡಬಹುದು. ಮೊದಲು ಮೂಳೆಯನ್ನು ನಿಲ್ಲಿಸಿ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಗೀರುತ್ತದೆ. ಚಾಟಿಹುಳು ನೆಲೆಸುವುದು ದೊಡ್ಡ ಕರುಳಿನ ಆರಂಭದಲ್ಲಿ. ಅದರ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಚಿಕಿತ್ಸೆಯನ್ನು ಮೂರು ತಿಂಗಳ ನಂತರ ಮತ್ತೆ ಕೊಡಬೇಕಾಗುತ್ತದೆ. ಊಟದಲ್ಲಿ ಸ್ವಲ್ಪ ಇಸಬ್ಗೋಲ್ ಹೊಟ್ಟನ್ನು ನೆನೆಸಿ ಸೇರಿಸುವುದು ಅಗ್ಗದ, ಸುರಕ್ಷಿತವಾದ ಪ್ರಯತ್ನ; ಅನೇಕ ನಾಯಿಗಳಿಗೆ ಅಷ್ಟರಿಂದಲೇ ಆರಾಮ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮನುಷ್ಯರಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಅಂದಾಜಿನ ಮೇಲೆ ಕೊಟ್ಟು ಭೇದಿ ನಿಲ್ಲಿಸುವವರು ತುಂಬ ಇದ್ದಾರೆ, ನಾನೂ ಎರಡು ಸಲ ಹಾಗೆ ಮಾಡಿದ್ದೆ. ಭೇದಿ ನಿಲ್ಲುತ್ತದೆ, ಮಾತ್ರೆ ಮುಗಿದ ಮೇಲೆ ಮರಳಿ ಬರುತ್ತದೆ, ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಪ್ರತಿಸಲವೂ ಹಾಳಾಗುತ್ತವೆ. ಪ್ರಮಾಣ ಹೆಚ್ಚಾದರೆ ನಾಯಿ ತಲೆ ವಾಲಿಸಿ ತೂರಾಡುವಂಥ ನರದ ತೊಂದರೆಯೂ ಬರಬಹುದು. ಲೋಪೆರಮೈಡ್ ಕೂಡ ಮನೆಯಲ್ಲಿ ಕೊಡುವ ಮಾತ್ರೆಯಲ್ಲ. ಕೋಲಿ ಜಾತಿಯ ನಾಯಿಗಳಿಗೆ ಅದು ಅಪಾಯಕಾರಿ.

ಹಸಿವು ವಿಪರೀತ, ತಿಂದರೂ ಮೈಗೆ ಹತ್ತುತ್ತಿಲ್ಲ

ತಟ್ಟೆ ನೆಕ್ಕಿ, ಕಸದ ಬುಟ್ಟಿ ಹುಡುಕಿ, ತನ್ನ ಮಲವನ್ನೇ ತಿನ್ನುವಷ್ಟು ಹಸಿವಿದ್ದು, ಮಲ ಮಾತ್ರ ರಾಶಿಯಾಗಿ, ಬಿಳಿಚು ಹಳದಿ ಬಣ್ಣದಲ್ಲಿ, ಜಿಡ್ಡಾಗಿ ಹೋಗುತ್ತಿದ್ದರೆ ಮೇದೋಜೀರಕ ಗ್ರಂಥಿಯನ್ನು ಶಂಕಿಸಬೇಕು. ಆಹಾರವನ್ನು ಅರಗಿಸುವ ಕಿಣ್ವಗಳನ್ನು ಆ ಗ್ರಂಥಿ ಸುರಿಸದಿದ್ದರೆ ನಾಯಿ ತುಂಬಿದ ತಟ್ಟೆಯ ಮುಂದೆಯೇ ಉಪವಾಸ ಬೀಳುತ್ತದೆ. ತೋಟದ ಕಾವಲಿಗೆ ಸಾಕುವ ಜರ್ಮನ್ ಶೆಫರ್ಡ್ ತಳಿಯಲ್ಲಿ ಇದು ಹೆಚ್ಚು. ಎಷ್ಟೋ ಮನೆಗಳಲ್ಲಿ ‘ಹೊಟ್ಟೆಬಾಕ, ಆದರೆ ಬಡಕಲು’ ಎಂದೇ ಅದರ ಕಾಲ ಕಳೆದುಹೋಗುತ್ತದೆ.

ಇದಕ್ಕೆ ಟಿ.ಎಲ್.ಐ. ಎಂಬ ನಿಖರವಾದ ರಕ್ತ ಪರೀಕ್ಷೆಯಿದೆ. ಎಂಟರಿಂದ ಹನ್ನೆರಡು ಗಂಟೆ ಊಟವಿಲ್ಲದೆ ರಕ್ತ ತೆಗೆಸಬೇಕು. ಮಾದರಿಯನ್ನು ದೊಡ್ಡ ಊರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗಬಹುದು. ದೋಷ ಖಚಿತವಾದರೆ ಪ್ರತಿ ಊಟಕ್ಕೂ ಕಿಣ್ವದ ಪುಡಿ ಬೆರೆಸಬೇಕು, ಅದೂ ಜೀವನಪರ್ಯಂತ. ಬಿಸಿ ಅನ್ನಕ್ಕೆ ಬೆರೆಸಿದರೆ ಕಿಣ್ವ ಸಾಯುತ್ತದೆ, ಊಟ ಆರಿರಬೇಕು. ಇಂಥ ನಾಯಿಗಳಲ್ಲಿ ಬಿ12 ಜೀವಸತ್ವವೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಅದನ್ನು ತುಂಬದಿದ್ದರೆ ಪುಡಿ ಕೊಟ್ಟರೂ ನಾಯಿ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಸಣ್ಣ ಕರುಳಿನ ಹಳೆಯ ಕಾಯಿಲೆಗೂ ಇದೇ ಮಾತು ಅನ್ವಯಿಸುತ್ತದೆ. ಜೂಲಿಗೆ ವಾರಕ್ಕೊಂದರಂತೆ ಆರು ವಾರ ಬಿ12 ಚುಚ್ಚುಮದ್ದು ಕೊಟ್ಟ ಮೇಲೆ ಅವಳು ತಟ್ಟೆಯ ಮುಂದೆ ತಾನಾಗಿ ಬಂದು ನಿಂತದ್ದನ್ನು ನಾನು ಮರೆಯಲಾರೆ.

ವಾಂತಿ

ಮೊದಲು ಅದು ವಾಂತಿಯೇ ಎಂದು ನೋಡಿ. ಹೊಟ್ಟೆಯನ್ನು ಎರಡು ಮೂರು ಸಲ ಎಳೆದು, ಜೊಲ್ಲು ಸುರಿಸಿ ಕಕ್ಕಿದರೆ ವಾಂತಿ. ಯಾವ ಪ್ರಯತ್ನವೂ ಇಲ್ಲದೆ ತಿಂದದ್ದು ಹಾಗೆಯೇ ಉರುಳಿಬಿದ್ದರೆ ತೊಂದರೆ ಅನ್ನನಾಳದ್ದು. ಅದು ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗುವ ಭಯವಿರುವುದರಿಂದ ಬೇಗ ತೋರಿಸಬೇಕು. ಫೋನಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸುವುದು ಉತ್ತಮ.

ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಹಳದಿ ನೊರೆ ಕಕ್ಕಿ, ಆಮೇಲೆ ಏನೂ ಆಗದಂತೆ ತಿನ್ನುವ ನಾಯಿಗೆ ರಾತ್ರಿ ಮಲಗುವ ಮುನ್ನ ಒಂದು ಸಣ್ಣ ತುತ್ತು ಕೊಟ್ಟು ನೋಡಿ. ಊಟದ ನಡುವಿನ ಅಂತರ ಕಡಿಮೆಯಾದರೆ ಇದು ಹೆಚ್ಚಾಗಿ ನಿಲ್ಲುತ್ತದೆ. ಬೋರ್ಡೋ ದ್ರಾವಣ ಹೊಡೆದ ದಿನ ಮೈಲುತುತ್ತು ಕಲಸಿದ ಡ್ರಮ್ಮಿನ ಸುತ್ತ ನಿಂತ ನೀರನ್ನು ಕುಡಿದರೂ ವಾಂತಿಯಾಗುತ್ತದೆ. ಹಾಗಾದರೆ ವೈದ್ಯರಿಗೆ ತಿಳಿಸಿ.

ಕೈಲ್ ಪೊಳ್ದ್, ಪುತ್ತರಿಯಂಥ ನಮ್ಮ ಹಬ್ಬಗಳ, ಮದುವೆಯ ಊಟಗಳ ಮಾರನೆಯ ದಿನದ ವಾಂತಿಯನ್ನು ಬೇರೆಯಾಗಿ ಎಣಿಸಬೇಕು. ಪಂದಿಕರಿಯ ಕೊಬ್ಬಿನ ತುಂಡುಗಳನ್ನು ನಾಯಿಗೆ ಹಾಕುವುದು ನಮ್ಮಲ್ಲಿ ಔದಾರ್ಯದ ಲಕ್ಷಣ. ಆದರೆ ಅಷ್ಟು ಕೊಬ್ಬು ಒಮ್ಮೆಲೇ ಹೋದರೆ ಮೇದೋಜೀರಕ ಗ್ರಂಥಿ ಉರಿಯೂತಕ್ಕೆ ಬೀಳಬಹುದು. ನಾಯಿ ಮುಂಗಾಲನ್ನು ಚಾಚಿ ಎದೆಯನ್ನು ನೆಲಕ್ಕೆ ಊರಿ, ಹಿಂಭಾಗವನ್ನು ಮೇಲೆತ್ತಿ ನಿಲ್ಲುವುದು ಹೊಟ್ಟೆನೋವಿನ ಭಂಗಿ. ಅದು ಆಟಕ್ಕೆ ಕರೆಯುವಂತೆಯೇ ಕಾಣುವುದರಿಂದ ಜನ ಮೋಸಹೋಗುತ್ತಾರೆ. ಆಟಕ್ಕೆ ಕರೆಯುವ ನಾಯಿಯ ಬಾಲ ಅಲ್ಲಾಡುತ್ತದೆ; ನೋವಿನ ನಾಯಿ ಬೆನ್ನು ಬಿಗಿದು, ಕರೆದರೂ ತಿರುಗಿ ನೋಡುವುದಿಲ್ಲ. ಈ ಭಂಗಿಯ ಜೊತೆ ವಾಂತಿ ಇದ್ದರೆ ಡ್ರಿಪ್, ನೋವಿನ ಔಷಧಿ ಬೇಕಾಗುತ್ತದೆ, ಮನೆಯಲ್ಲಿ ಕಾಯಬಾರದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಹುಣ್ಣು ಮಾಡಿ ರಕ್ತ ಹರಿಸುತ್ತವೆ. ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿಗೆ ಅವು ಮಾರಣಾಂತಿಕವಾಗಬಹುದು. ಮಾವಿನ ಗೊರಟು, ಮುಸುಕಿನ ಜೋಳದ ದಿಂಡು ನುಂಗಿ ಕರುಳು ಕಟ್ಟಿಕೊಂಡ ನಾಯಿಯೂ ಹೀಗೆಯೇ ವಾಂತಿ ಮಾಡುತ್ತದೆ. ಮಲವೇ ಹೋಗದಿದ್ದರೆ ಎಕ್ಸ್‌ರೇ ಅಥವಾ ಸ್ಕ್ಯಾನಿಂಗ್ ಆಗಬೇಕು.

ಡ್ರಿಪ್ ಹಾಕಿದರೆ ಎದ್ದು ಓಡಾಡುತ್ತದೆ, ಕೆಲವೇ ವಾರದಲ್ಲಿ ಮತ್ತೆ ಬೀಳುತ್ತದೆ

ಈ ಲಕ್ಷಣವನ್ನು ಹೊಟ್ಟೆಯದೆಂದೇ ತಿಳಿದು ವರ್ಷ ಕಳೆಯುವುದುಂಟು. ಅಡ್ರಿನಲ್ ಗ್ರಂಥಿ ಸೋತ ಅಡಿಸನ್ ಕಾಯಿಲೆಯಲ್ಲಿ ವಾಂತಿ, ಭೇದಿ, ನಿಶ್ಶಕ್ತಿ ಬಂದುಹೋಗುತ್ತಿರುತ್ತವೆ. ಪಟಾಕಿ, ಪ್ರಯಾಣ, ನೆಂಟರ ಗದ್ದಲದಂಥ ಒತ್ತಡದ ನಂತರ ಹೆಚ್ಚುತ್ತವೆ. ರಕ್ತದಲ್ಲಿ ಸೋಡಿಯಂ ಇಳಿದು ಪೊಟ್ಯಾಸಿಯಂ ಏರಿರುವುದು ಸುಳಿವು. ಕಾರ್ಟಿಸಾಲ್ ಪರೀಕ್ಷೆಯಿಂದ ಅದನ್ನು ತಳ್ಳಿಹಾಕಬಹುದು. ನಮ್ಮ ಕಾಡಂಚಿನಲ್ಲಿ ಉಣ್ಣಿಯಿಂದ ಬರುವ ಬೇಬಿಸಿಯಾ, ಎರ್ಲಿಕಿಯಾ ಸೋಂಕುಗಳನ್ನೂ ಇದೇ ಸಂದರ್ಭದಲ್ಲಿ ಪರೀಕ್ಷಿಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲಿ ವಾಂತಿಯ ಜೊತೆ ಜ್ವರ, ಕಣ್ಣು ಹಳದಿ ಕಂಡರೆ ಇಲಿಜ್ವರವಿರಬಹುದು. ಮೂತ್ರದಿಂದ ಅದು ಮನುಷ್ಯರಿಗೂ ತಗಲುವುದರಿಂದ ಕೈಗವಸಿಲ್ಲದೆ ಶುಚಿ ಮಾಡಬೇಡಿ.

ಹೊಟ್ಟೆ ಇಳಿಬಿದ್ದಿದೆ, ಕಾಲು ಊದಿದೆ

ಬೆನ್ನುಮೂಳೆ ಎದ್ದು ಕಾಣುತ್ತಿದ್ದರೂ ಹೊಟ್ಟೆ ಮಾತ್ರ ದೊಡ್ಡದಾಗುತ್ತಿದ್ದರೆ ಅದು ದಪ್ಪವಾಗುವುದಲ್ಲ. ಕರುಳಿನಿಂದ ಪ್ರೊಟೀನ್ ಸೋರಿ, ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೊಟೀನ್ ಕುಸಿದು, ನೀರು ಹೊಟ್ಟೆಯಲ್ಲಿ ತುಂಬುತ್ತಿರಬಹುದು. ಮನೆಯ ತಪಾಸಣೆ ಇಲ್ಲಿಗೆ ನಿಲ್ಲಬೇಕು. ಆಲ್ಬುಮಿನ್ ಡೆಸಿಲೀಟರಿಗೆ (100 ಮಿ.ಲೀ.ಗೆ) 2 ಗ್ರಾಂಗಿಂತ ಕೆಳಗಿಳಿದ ನಾಯಿಯಲ್ಲಿ ರಕ್ತ ಹೆಪ್ಪುಗಟ್ಟಿ ಹಠಾತ್ ಉಸಿರು ಕಟ್ಟುವ ಅಪಾಯವೂ ಇದೆ. ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಇವು ಬೇಕಾಗಬಹುದು. ಇವಕ್ಕೆ ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗಳನ್ನು, ಇಲ್ಲವೇ ಮೈಸೂರು, ಬೆಂಗಳೂರನ್ನು ಹಿಡಿಯಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಅಷ್ಟು ದೂರ ಹೊರಡುವ ಮುನ್ನ ಫೋನ್ ಮಾಡಿ, ಬೇಕಾದ ಯಂತ್ರ, ತಜ್ಞರು ಆ ದಿನ ಇದ್ದಾರೆಯೇ, ನಾಯಿ ಉಪವಾಸವಿರಬೇಕೇ ಎಂದು ಕೇಳಿಕೊಳ್ಳಿ. ದಿನಚರಿಯ ಪುಸ್ತಕ, ಹಳೆಯ ವರದಿಗಳು, ಕೊಟ್ಟ ಮಾತ್ರೆಗಳ ಖಾಲಿ ಪಟ್ಟಿ, ಅಂದಿನ ಮಲದ ಮಾದರಿ ಜೊತೆಗಿರಲಿ.

ಔಷಧಿಯಲ್ಲಿ ಚೆನ್ನಾಗಿದ್ದ ನಾಯಿ ಮತ್ತೆ ಕೆಟ್ಟರೆ

ಆಹಾರದಿಂದ ಮಾತ್ರ ಸರಿಹೋಗದ ನಾಯಿಗಳಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ. ಆಹಾರ ಪರೀಕ್ಷೆಗೆ ಮುಂಚೆಯೇ ಅದನ್ನು ಶುರುಮಾಡಿದರೆ ಮೂಲಕಾರಣ ಮುಚ್ಚಿಹೋಗುತ್ತದೆ, ಬಯಾಪ್ಸಿಯ ಫಲಿತಾಂಶವೂ ಮಸುಕಾಗುತ್ತದೆ. ಬಾಯಾರಿಕೆ, ಮೂತ್ರ, ಹಸಿವು, ಏದುಸಿರು ಹೆಚ್ಚುವುದು ಅದರ ನಿರೀಕ್ಷಿತ ಪರಿಣಾಮ. ರಾತ್ರಿ ಒಂದು ಸಲ ಹೆಚ್ಚಾಗಿ ಹೊರಗೆ ಬಿಡಬೇಕಾಗುತ್ತದೆ, ಅದಕ್ಕಾಗಿ ನಾಯಿಯನ್ನು ಗದರಬಾರದು. ನಾಯಿ ಗುಣವಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ವೈದ್ಯರು ಹೇಳಿದಂತೆ ಪ್ರಮಾಣವನ್ನು ವಾರಗಟ್ಟಲೆ ಸಮಯ ತೆಗೆದುಕೊಂಡು ಇಳಿಸಬೇಕು. ಜುಲೈ ತಿಂಗಳಲ್ಲಿ ರಸ್ತೆಗೆ ಮರ ಬಿದ್ದು, ಬರೆ ಜರಿದು ನಾಲ್ಕು ದಿನ ಪೇಟೆಗೆ ಹೋಗಲಾಗದ ಪ್ರಸಂಗ ನಮಗೆ ಹೊಸದಲ್ಲ. ಆದ್ದರಿಂದ ಜೂನ್ ಆರಂಭಕ್ಕೇ ಒಂದು ತಿಂಗಳ ಮಾತ್ರೆ, ಕಿಣ್ವದ ಪುಡಿ, ವಿಶೇಷ ಆಹಾರ ಮನೆಯಲ್ಲಿರಬೇಕು.

ಮರುಕಳಿಸಿದಾಗ ಮಾತ್ರೆಯ ಪ್ರಮಾಣವನ್ನು ನಾವೇ ಏರಿಸುವ ಮೊದಲು ಈ ಕ್ರಮದಲ್ಲಿ ನೋಡಬೇಕು: ಹೊಸ ಚೀಲದ ಆಹಾರ ತೆರೆದೆವೇ, ಮಾತ್ರೆಯನ್ನು ಉಗುಳಿ ಮೂಲೆಯಲ್ಲಿ ಬಿಟ್ಟಿದೆಯೇ, ಬೇಲಿ ಸಡಿಲವಾಗಿದೆಯೇ, ಜಂತಿನ ಔಷಧಿಯ ದಿನ ದಾಟಿದೆಯೇ, ಬಿ12 ಕೊಟ್ಟು ಎಷ್ಟು ತಿಂಗಳಾಯಿತು. ಎರಡು ದಿನ ಸಪ್ಪೆ ಊಟದಲ್ಲಿಟ್ಟು, ನೀರಿನ ಜೊತೆ ಸ್ವಲ್ಪಸ್ವಲ್ಪ ಓ.ಆರ್.ಎಸ್. ಕುಡಿಸಿ, ಮೂರನೆಯ ದಿನವೂ ಸುಧಾರಿಸದಿದ್ದರೆ ಅಥವಾ ಊಟ ಬಿಟ್ಟರೆ ಫೋನ್ ಮಾಡುತ್ತೇನೆ.

ಜೂಲಿಗೆ ಈಗ ದಿನ ಬಿಟ್ಟು ದಿನ ಅರ್ಧ ಮಾತ್ರೆ. ಕಳೆದ ಭಾನುವಾರ ತೂಗಿದಾಗ 17.9 ಕಿಲೋ ಇದ್ದಳು. ಇದೇ ವಾರ ಬಳ್ಳಿಗಳಿಗೆ ಗೊಬ್ಬರ ಬರುವುದಿದೆ. ಹಗ್ಗವನ್ನು ಬಾಗಿಲ ಪಕ್ಕದ ಮೊಳೆಗೆ ತಂದು ಹಾಕಿದ್ದೇನೆ.